ಚನ್ನಗಿರಿಯ ಮನೆಯಲ್ಲಿ ನಾನು ಟೈಲರ್

ಹಿತ್ತಲ ಗೋಡೆಯ ಮೇಲಿಂದ ನೆರೆಮನೆಯಾಕೆ ಒಂದು ಪ್ಲಾಸ್ಟಿಕ್ ಕವರ್ ಚಾಚಿದರು. ಒಳಗೆ ನೀಲಿ ಬ್ಲೌಸ್ ಪೀಸು, ಜೊತೆಗೆ ಅಳತೆಗೆಂದು ಒಂದು ಹಳೆಯ ಬ್ಲೌಸು.

“ಲೈನಿಂಗ್ ಹಾಕಿ ಹೊಲೀರಿ. ತೋಳು ಮೊಣಕೈ ತಂಕ ಬರ್ಲಿ. ಬಿಗಿ ಮಾಡ್ಬ್ಯಾಡ್ರಿ ಮತ್ತೆ,” ಎಂದರು.

ನನಗೆ ಸೂಜಿಗೆ ದಾರ ಪೋಣಿಸುವುದೂ ನೆಟ್ಟಗೆ ಬರುವುದಿಲ್ಲ. ನಾನು ಮನೆಮನೆಗೆ ಹೋಗಿ ವ್ಯಾಯಾಮ ಕಲಿಸುವವಳು. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ನನ್ನ ಹಿಂದೆ ನಿಂತಿದ್ದ ಆ ಮನೆಯ ಅಮ್ಮ ಬೆರಳಿನಿಂದ ನನ್ನ ಸೊಂಟಕ್ಕೆ ತಿವಿದರು. ಕವರ್ ತೆಗೆದುಕೊಂಡೆ. “ಮುಂದಿನ ವಾರ ಕೊಡ್ತೀನ್ರೀ,” ಎಂದೆ. ಆಮೇಲೆ ಸ್ಕೂಟರ್ ಡಿಕ್ಕಿಯಲ್ಲಿ ರಬ್ಬರ್ ಬ್ಯಾಂಡುಗಳ ಪಕ್ಕ ಆ ಬ್ಲೌಸನ್ನು ತುರುಕಿಕೊಂಡು ದಾವಣಗೆರೆಗೆ ತಂದು, ನಮ್ಮ ಓಣಿಯ ನಿಜವಾದ ಟೈಲರ್‌ಗೆ ಕೊಟ್ಟೆ. ಅದು ಮೊದಲನೆಯದು. ಮುಂದೆ ಇನ್ನೂ ಬಂದವು.

ಈ ವೇಷಕ್ಕೆ ಕಾರಣ ನನ್ನ ಅಳತೆ ಟೇಪು. ಹೊಸ ಮನೆಗೆ ಹೋದ ಮೊದಲ ದಿನ ಬಿಪಿ ನೋಡುತ್ತೇನೆ, ಡಾಕ್ಟರ್ ಚೀಟಿ ಓದುತ್ತೇನೆ, ಆಮೇಲೆ ಸೊಂಟ, ತೊಡೆ, ಮೀನಖಂಡದ ಸುತ್ತಳತೆ ತೆಗೆದುಕೊಳ್ಳುತ್ತೇನೆ. ತೊಡೆಯ ಸ್ನಾಯು ಎಷ್ಟು ಕರಗಿದೆ ಎಂಬುದು ತೂಕದ ಯಂತ್ರಕ್ಕಿಂತ ಟೇಪಿಗೆ ಚೆನ್ನಾಗಿ ಗೊತ್ತಾಗುತ್ತದೆ. ಚನ್ನಗಿರಿಯಲ್ಲಿ ಹಾಗೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದಾಗ ನೆರೆಮನೆಯಾಕೆ ಇಣುಕಿ, “ಯಾರ್ರೀ ಇವ್ರು?” ಎಂದರು. ಅಮ್ಮ ಕಣ್ಣು ಮಿಟುಕಿಸದೆ, “ಟೈಲರ್ ಕಣ್ರೀ, ದಾವಣಗೆರೆಯಿಂದ ಮನೆಗೇ ಬರ್ತಾರೆ,” ಎಂದುಬಿಟ್ಟರು.

ಆಕೆ ಹೋದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ. ನನಗೆ ಸಿಟ್ಟು ಬೇಗ ಬರುತ್ತದೆ. “ವ್ಯಾಯಾಮ ಮಾಡೋದು ಕಳ್ಳತನ ಏನ್ರೀ ಅಮ್ಮಾರೆ?”

“ನಿಂಗೇನ್ ಗೊತ್ತವ್ವ. ಮನೆ ಕೆಲಸಕ್ಕೆ ಆಳಿಟ್ಟಾಳೆ, ಈಗ ಮೈ ಬಗ್ಗಿಸಾಕೂ ಒಬ್ಬ ಆಳಿಟ್ಟಾಳೆ ಅಂತಾರೆ. ಈ ಓಣ್ಯಾಗೆ ನಾನು ತಲೆ ಎತ್ತಿ ತಿರುಗ್ಬೇಕು.”

ನಾನು ಅದುವರೆಗೆ ದಾವಣಗೆರೆಯ ಒಂದು ಜಿಮ್ಮಿನಲ್ಲಿ ಹೆಂಗಸರ ಬ್ಯಾಚು ನೋಡಿಕೊಳ್ಳುತ್ತಿದ್ದೆ. ಮಾಲೀಕರು ಆ ಬ್ಯಾಚನ್ನೇ ತೆಗೆದು ಆ ಹೊತ್ತನ್ನು ಗಂಡಸರಿಗೆ ಕೊಟ್ಟರು. ಆಗ ನನಗೊಂದು ಲೆಕ್ಕ ಹೊಳೆಯಿತು. ದಾವಣಗೆರೆಯಲ್ಲಿ ಓಣಿಗೊಂದು ಜಿಮ್ಮಿದೆ. ತಾಲ್ಲೂಕು ಊರುಗಳಲ್ಲಿ ಹೆಂಗಸರು ಕಾಲಿಡುವಂಥದ್ದು ಒಂದೂ ಇಲ್ಲ. ಅವರು ಬರಲಾರರು, ನಾನೇ ಹೋಗುತ್ತೇನೆ. ಒಬ್ಬರಿಗೆ ಗುಣವಾದರೆ ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ಆ ಇನ್ನೊಬ್ಬರು ತಂಗಿಗೆ ಹೇಳುತ್ತಾರೆ, ವರ್ಷದೊಳಗೆ ಸ್ಕೂಟರ್ ಬಿಟ್ಟು ಕಾರು ಕೊಳ್ಳಬಹುದು. ಹಳೆಯ ಬ್ಯಾಚಿನವರ ಅಕ್ಕತಂಗಿಯರ ಮೂಲಕ ನಾಲ್ಕು ಊರಲ್ಲಿ ನಾಲ್ಕು ಮನೆ ಸಿಕ್ಕವು. ಆದರೆ ನಾಲ್ಕೂ ಮನೆಗಳಲ್ಲಿ ನನ್ನನ್ನು ಮುಚ್ಚಿಟ್ಟರು. ಹೊನ್ನಾಳಿಯ ನಿವೃತ್ತ ಟೀಚರ್, “ಇವ್ಳು ನನ್ನ ಹಳೇ ಸ್ಟೂಡೆಂಟು,” ಎನ್ನುತ್ತಿದ್ದರು. ನ್ಯಾಮತಿಯ ಬಟ್ಟೆ ವ್ಯಾಪಾರಿಯ ಹೆಂಡತಿ ತನ್ನ ಅತ್ತೆಗೆ, ಶುಗರ್ ಚೆಕ್ ಮಾಡುವ ನರ್ಸ್ ಎಂದು ನನ್ನನ್ನು ಪರಿಚಯಿಸಿದ್ದರು. ಆ ಅಜ್ಜಿ ನಾನು ಹೋದಾಗಲೆಲ್ಲ ಬೆರಳು ಚಾಚಿಕೊಂಡು ಕಾಯುತ್ತಿತ್ತು. ಜಗಳೂರಿನಲ್ಲಿ ನಾನು ಸ್ವಸಹಾಯ ಸಂಘದವಳು. ನನ್ನಿಂದ ಗುಣ ಕಂಡವರೇ ನನ್ನ ಹೆಸರನ್ನು ಬಾಯಿಬಿಡದಿದ್ದರೆ ಐದನೆಯ ಮನೆ ಎಲ್ಲಿಂದ ಬರಬೇಕು?

ಆ ದಿನಗಳಲ್ಲಿ ನನ್ನನ್ನು ಹಣ್ಣುಮಾಡಿದ್ದು ರಸ್ತೆಯಲ್ಲ, ಕಾಯುವ ಹೊತ್ತು. ಹೊನ್ನಾಳಿಯ ಕೆಲಸ ಬೆಳಿಗ್ಗೆಯೇ ಮುಗಿಯುತ್ತಿತ್ತು, ನ್ಯಾಮತಿಯವರು ಗಂಡ ಊಟ ಮಾಡಿ ಅಂಗಡಿಗೆ ಹೋದ ಮೇಲೆ ಬಾ ಎನ್ನುತ್ತಿದ್ದರು. ನಡುವಿನ ಹೊತ್ತನ್ನು ಎಲ್ಲಿ ಕಳೆಯುವುದು? ಗಂಡಸಾದರೆ ಚಹಾದಂಗಡಿ ಇದೆ, ಕಟಿಂಗ್ ಶಾಪ್ ಇದೆ, ಯಾವುದಾದರೂ ಕಟ್ಟೆ ಇದೆ. ಹೆಂಗಸು ಒಬ್ಬಳೇ ಸುಮ್ಮನೆ ಕೂರಬಹುದಾದ ಜಾಗ ಬಸ್ ಸ್ಟ್ಯಾಂಡ್ ಒಂದೇ. ಸ್ಕೂಟರ್ ಹೊರಗೆ ನಿಲ್ಲಿಸಿ, ಯಾವ ಬಸ್ಸನ್ನೂ ಹತ್ತದೆ ಬೆಂಚಿನ ಮೇಲೆ ಕೂರುತ್ತಿದ್ದೆ. ಕಂಡಕ್ಟರುಗಳು, “ಎಲ್ಲಿಗ್ರೀ?” ಎಂದು ಕೇಳುವರು. ಆಗಷ್ಟೇ ಹೋದ ಬಸ್ಸು ಯಾವುದೆಂದು ನೋಡಿಕೊಂಡು ಆ ಊರಿನ ಹೆಸರು ಹೇಳುತ್ತಿದ್ದೆ. “ತಪ್ಪಿಸ್ಕಂಡ್ರಲ್ಲ,” ಎಂದು ಅವರು ಮರುಗುವರು.

ಜಗಳೂರಿನ ದಾರಿಯಲ್ಲಿ ಮೆಕ್ಕೆಜೋಳದ ಹೊಲಗಳ ನಡುವೆ ಕೆಲವೊಮ್ಮೆ ಕುರಿ ಹಿಂಡು ರಸ್ತೆ ದಾಟುವವರೆಗೆ ಎಂಜಿನ್ ಆರಿಸಿ ನಿಲ್ಲಬೇಕಾಗುತ್ತಿತ್ತು. ಆಗ ಒಂದು ವಿಷಯ ಗಮನಕ್ಕೆ ಬಂತು. ಬೆಳಗಿನಿಂದ ನಾನು ಆಡಿದ ಮಾತೆಂದರೆ “ಉಸಿರು ಬಿಡ್ರಿ”, “ಇನ್ನೊಂದ್ಸಲ”, “ಬೆನ್ನು ನೆಟ್ಟಗೆ”. ಸಂಜೆ ರೂಮಿಗೆ ಬಂದು ಬಾಗಿಲು ತೆಗೆದರೆ ಆಡಲು ಆ ಮಾತೂ ಇಲ್ಲ. ಅಳು ಬರುತ್ತಿತ್ತು. ಅತ್ತು, ಮುಖ ತೊಳೆದು, ಅನ್ನಕ್ಕಿಡುತ್ತಿದ್ದೆ.

ಹೀಗಿರುವಾಗ ನನ್ನ ಆಸೆಯನ್ನೆಲ್ಲ ಕಟ್ಟಿಕೊಂಡಿದ್ದು ಚನ್ನಗಿರಿಯ ಅಮ್ಮನ ಮೇಲೆ. ಯಜಮಾನರದು ಅಡಿಕೆ ಮಂಡಿ. ಬೆಳಿಗ್ಗೆ ಅವರು ಮಂಡಿಗೆ ಹೋದ ಮೇಲೆ ನಾನು ಹಿತ್ತಲ ಬಾಗಿಲಿಂದ ಒಳಗೆ ಹೋಗುತ್ತಿದ್ದೆ. ಮನೆಯಲ್ಲಿ ನಿಜ ಗೊತ್ತಿದ್ದದ್ದು ಮಗಳಿಗೆ ಮಾತ್ರ. ಆ ಮಗಳಿಗೇ ಮದುವೆ ನಿಶ್ಚಯವಾಗಿತ್ತು.

ಅಮ್ಮನಿಗೆ ಎರಡೂ ಮೊಣಕಾಲು ಸವೆದಿದ್ದವು. ಆಪರೇಷನ್ ಈಗಲೇ ಬೇಡ, ತೊಡೆ ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರು. ನಡೆಯುತ್ತಿದ್ದರು, ಮೆಟ್ಟಿಲು ಹತ್ತುತ್ತಿದ್ದರು. ನೆಲದ ಮೇಲೆ ಕುಳಿತರೆ ಮಾತ್ರ ಏಳಲಾಗುತ್ತಿರಲಿಲ್ಲ.

“ಮದ್ವೆ ದಿನ ಮಣೆ ಮ್ಯಾಲೆ ಕುಂತು ಅಳಿಯನ ಪಾದ ತೊಳೀಬೇಕು, ಮಗಳ ಕೈ ಒಪ್ಪಿಸ್ಬೇಕು. ಆಮ್ಯಾಲೆ ಎಲ್ಲರ ಮುಂದೆ ಏಳ್ಬೇಕು,” ಎಂದರು ಮೊದಲ ದಿನ. “ನಮ್ಮ ಅಕ್ಕನ ಮಗಳ ಮದ್ವೆಯಾಗೆ ಅಕ್ಕಂಗೆ ಕುರ್ಚಿ ಹಾಕಿದ್ರು. ಮಗಳು ಕೆಳಗೆ, ತಾಯಿ ಮ್ಯಾಲೆ. ಫೋಟೋದಾಗೆ ಅಕ್ಕ ಎಲೆಕ್ಷನ್ ಡ್ಯೂಟಿಗೆ ಕುಂತಂಗೆ ಐತೆ. ನಂಗೆ ಆ ಗತಿ ಬ್ಯಾಡ. ನೀನು ನನ್ನ ಎಬ್ಬಿಸು. ಮದ್ವೆ ದಿನ ಎಲ್ಲರ ಮುಂದೆ ನಾನೇ ಹೇಳ್ತೀನಿ, ಇವ್ಳೇ ನನ್ನ ಎಬ್ಬಿಸಿದ್ದು ಅಂತ.”

ಆ ಮಾತು ನನಗೆ ಸಾಕಾಯಿತು. ಒಂದು ಕಲ್ಯಾಣಮಂಟಪದ ತುಂಬ ಜನ. ಅದರಲ್ಲಿ ಮೊಣಕಾಲು ನೋವಿಲ್ಲದ ಹೆಂಗಸರು ಎಷ್ಟಿದ್ದಾರು? ಅಲ್ಲಿ ಒಂದು ಸಲ ನನ್ನ ಹೆಸರು ಎದ್ದರೆ ನಾಲ್ಕೂ ತಾಲ್ಲೂಕಿಗೆ ಹಬ್ಬುತ್ತದೆ ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ಮಾಡಿಕೊಂಡು ಮೆದ್ದೆ.

ಮೊದಲ ವಾರಗಳು ಅಂಗಾತ ಮಲಗಿಸಿ ಸೊಂಟ ಎತ್ತಿಸುವುದು, ಗೋಡೆಗೆ ಬೆನ್ನು ಕೊಟ್ಟು ಜಾರಿಸುವುದು, ಪಾದಕ್ಕೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಕಾಲು ಚಾಚಿಸುವುದು, ಇವೇ. ಮೆಟ್ಟಿಲು ಹತ್ತಿಳಿಯುವ ವ್ಯಾಯಾಮಕ್ಕೆ ಹೊಸ್ತಿಲ ಮೇಲೆ ಪಾದ ಇಡಿ ಎಂದುಬಿಟ್ಟೆ. ಅಮ್ಮ ಗಾಬರಿಯಾದರು. “ಹೊಸ್ತಿಲು ತುಳಿಯಾಕೆ ಹೇಳ್ತಿಯಲ್ಲೇ, ನಿಮ್ಮನೇಲಿ ಏನೂ ಕಲಿಸಿಲ್ವಾ?” ಆಮೇಲೆ, ನೆರೆಮನೆಯಾಕೆ ಹೊರಗಿಲ್ಲದ ಹೊತ್ತು ನೋಡಿ, ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕಟ್ಟೆಗೆ ಬಡ್ತಿ ಸಿಕ್ಕಿತು.

ತೊಡೆಗೆ ಬಲ ಬಂದ ಮೇಲೆ ಏಳುವುದನ್ನೇ ಕಲಿಸಲು ಶುರುಮಾಡಿದೆ. ಆ ಮನೆಯ ಅಟ್ಟದ ಮೇಲೆ ಹಿಂದಿನ ಕಾಲದ ಊಟದ ಮಣೆಗಳಿದ್ದವು, ದಪ್ಪ ಹಲಸಿನ ಮರದವು. ಅವನ್ನು ಇಳಿಸಿ, ಒರೆಸಿ, ಗೋಡೆಗೆ ಒತ್ತಿ ಒಂದರ ಮೇಲೊಂದು ಪೇರಿಸಿ, ಅಲುಗಾಡದಂತೆ ನನ್ನ ಬ್ಯಾಂಡುಗಳಿಂದ ಬಿಗಿದೆ. ಅದರ ಮೇಲೆ ಕುಳಿತು ಕೈ ಊರದೆ ಏಳಬೇಕು. ಸಲೀಸಾಗಿ ಎದ್ದರೆ ಒಂದು ಮಣೆ ತೆಗೆಯುವುದು. ಮಣೆ ತೆಗೆದ ದಿನ ಅಮ್ಮ ಗೊಣಗುವರು, ಎರಡು ದಿನದಲ್ಲಿ ಅದಕ್ಕೂ ಒಗ್ಗುವರು. ಗೋಪುರ ಇಳಿಯುತ್ತಾ ಬಂತು. ಕೊನೆಗೆ ಒಂದೇ ಮಣೆ ಉಳಿದಾಗ ಏಳುವ ರೀತಿ ಬದಲಿಸಿದೆ: ಒಂದು ಮೊಣಕಾಲಿನ ಕೆಳಗೆ ಮಡಿಸಿದ ಟವೆಲ್, ಇನ್ನೊಂದು ಪಾದ ಮುಂದೆ ಗಟ್ಟಿಯಾಗಿ ಊರಿ, ಎದೆಯನ್ನು ಮುಂದಕ್ಕೆ ತಂದು ಏಳುವುದು. ಅಮ್ಮ ಎದ್ದರು. ಎದ್ದವರೇ ನನ್ನ ಕೆನ್ನೆ ಹಿಂಡಿ, “ಎಬ್ಬಿಸಿದೆಯಲ್ಲೇ,” ಎಂದರು. ಅವತ್ತು ವಾಪಸ್ ಬರುವಾಗ ತ್ಯಾವಣಿಗೆಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದು, ಅಂಗಡಿಯವನಿಗೆ ಕಾರಣವಿಲ್ಲದೆ, “ಚಹಾ ಚೆನ್ನಾಗೈತೆ ಕಣಣ್ಣ,” ಎಂದೆ.

ಆಮೇಲೆ ಜವಳಿ ತೆಗೆಯುವ ದಿನ ಬಂತು.

ನಾನು ಅಲ್ಲಿರಲಿಲ್ಲ. ಮಗಳು ಫೋನಿನಲ್ಲಿ ಹೇಳಿದ್ದು. ಬೀಗರೂ ಇವರೂ ಸೇರಿ ದಾವಣಗೆರೆಯ ಒಂದು ಸೀರೆ ಅಂಗಡಿಗೆ ಹೋಗಿದ್ದಾರೆ. ಮದುವೆ ಸೀರೆ ತೋರಿಸುವ ಕಡೆ ಬಿಳಿ ಹಾಸಿಗೆ ಹಾಸಿರುತ್ತಾರೆ, ಎಲ್ಲರೂ ಅದರ ಮೇಲೆಯೇ ಕೂರಬೇಕು. ಅಂಗಡಿಯವರು ಅಮ್ಮನಿಗೆ ಸ್ಟೂಲು ತಂದುಕೊಟ್ಟಿದ್ದಾರೆ. ಅಮ್ಮ ಬೇಡ ಎಂದು ಗತ್ತಿನಿಂದ ಕೆಳಗೆ ಕುಳಿತಿದ್ದಾರೆ. ಸೀರೆಗಳ ರಾಶಿ ಬಿದ್ದಿದೆ, ಹೊತ್ತು ಹೋಗಿದೆ, ಆರಿಸಿದ್ದಾಗಿದೆ, ಎಲ್ಲರೂ ಎದ್ದಿದ್ದಾರೆ. ಅಮ್ಮನಿಗೆ ಏಳಲಾಗಿಲ್ಲ. ಕಾಲು ಜೋಮು ಹಿಡಿದು, ಮೆತ್ತನೆಯ ಹಾಸಿಗೆಯಲ್ಲಿ ಪಾದ ಹೂತು, ಸೀರೆ ನೆರಿಗೆಯನ್ನು ತಾವೇ ಮೆಟ್ಟಿ ಮತ್ತೆ ಕುಕ್ಕರಿಸಿದ್ದಾರೆ. ಕೊನೆಗೆ ಸೀರೆ ಮಡಚುವ ಇಬ್ಬರು ಹುಡುಗರು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದ್ದಾರೆ. ವರನ ಸೋದರತ್ತೆ, ನ್ಯಾಮತಿಯಲ್ಲೇ ಬೇರೆ ಮನೆಯವರು, ಎಲ್ಲರಿಗೂ ಕೇಳುವಂತೆ, “ಮದ್ವೆ ದಿನ ಒಂದು ಕುರ್ಚಿ ಹಾಕ್ಸಿಬಿಡಾನ ಬಿಡ್ರಿ,” ಎಂದಿದ್ದಾರೆ.

ಅಮ್ಮ ನನ್ನ ಫೋನು ಎತ್ತಲಿಲ್ಲ. ಬಿಡದೆ ಮಾಡಿದೆ. ಒಂದು ದಿನ ಎತ್ತಿದರು.

“ಬ್ಯಾಡ ಬಿಡವ್ವ. ಕುರ್ಚಿ ಹಾಕ್ತಾರೆ, ಕುಂತ್ಕಂತೀನಿ. ನೀನು ಬರಾಕೆ ಹೋಗ್ಬ್ಯಾಡ.”

“ಅಮ್ಮಾರೆ, ಒಂದ್ನಿಮಿಷ ಕೇಳ್ರಿ.”

“ಏನ್ ಕೇಳ್ಲಿ. ಯಾರೋ ಹುಡುಗ್ರು ಕಂಕುಳಿಗೆ ಕೈ ಹಾಕಿದ್ರು,” ಎಂದು ಫೋನಿಟ್ಟರು.

ನಾನು ಆಗ ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿದ್ದೆ. ಅವತ್ತು ಗಾಡಿ ರಿಪೇರಿಗೆ ಬಿಟ್ಟು ಬಸ್ಸಿಗೇ ಬಂದಿದ್ದೆ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಎಲ್ಲಿ ತಪ್ಪಿತು? ಮನೆಯಲ್ಲಿ ಎದ್ದವರು ಅಂಗಡಿಯಲ್ಲಿ ಯಾಕೆ ಏಳಲಿಲ್ಲ? ಅವರಿಗೆ ಬಲ ಸಾಲದೆಂದಲ್ಲ. ಬಲವನ್ನು ನಾನೇ ಟೇಪು ಹಿಡಿದು ಅಳೆದಿದ್ದೇನೆ.

ರೂಮಿಗೆ ಬಂದವಳು ಟ್ರಂಕಿನಿಂದ ನನ್ನ ತಾಯಿಯ ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡೆ. ತಾಯಿ ಹೋದ ಮೇಲೆ ಅದನ್ನು ಮುಟ್ಟಿದ್ದೇ ಅವತ್ತು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಸುಮ್ಮನೆ ಗೋಡೆ ನೋಡುತ್ತಾ ಸೀರೆ ಅಂಗಡಿಯಲ್ಲಿ ಕೂರುವಷ್ಟು ಹೊತ್ತು ಕುಳಿತು, ಆಮೇಲೆ ಅಮ್ಮನಿಗೆ ಕಲಿಸಿದ್ದ ಹಾಗೆಯೇ ಏಳಲು ಹೋದೆ. ಎಡಪಾದ ಮರಗಟ್ಟಿತ್ತು. ನೆರಿಗೆ ಹೆಬ್ಬೆರಳಿಗೆ ಸಿಕ್ಕಿ, ದಿನವೂ ಇಷ್ಟು ಜನರಿಗೆ ಏಳುವುದು ಕಲಿಸುವ ನಾನು ಧಡಾರನೆ ಗೋಡೆಗೆ ಹೋಗಿ ಬಡಿದೆ. ನಗು ಬಂತು. ಜೊತೆಗೆ ನಗುವವರು ಯಾರೂ ಇರಲಿಲ್ಲವಾದ್ದರಿಂದ ಬೇಗ ನಿಂತುಹೋಯಿತು.

ತಪ್ಪು ಸಿಕ್ಕಿತು. ನಾನು ಅಮ್ಮನಿಗೆ ನೈಟಿಯಲ್ಲಿ, ಗಟ್ಟಿ ನೆಲದ ಮೇಲೆ, ಕುಳಿತ ಮರುಗಳಿಗೆಯೇ ಏಳುವುದನ್ನು ಕಲಿಸಿದ್ದೆ. ಮದುವೆಯಲ್ಲಿ ಜರಿ ಸೀರೆ ಇರುತ್ತದೆ, ಮಂತ್ರ ಮುಗಿಯುವ ತನಕ ಕೂರಬೇಕಿರುತ್ತದೆ. ಹಾಗೆ ಅಭ್ಯಾಸ ಮಾಡಿಸಬೇಕೆಂದರೆ ರೇಷ್ಮೆ ಸೀರೆ ಬೀರುವಿನಿಂದ ಹೊರಬರಬೇಕು, ಅಮ್ಮ ಬಹಳ ಹೊತ್ತು ನೆಲದ ಮೇಲೆ ಕೂರಬೇಕು. ಟೈಲರ್ ಬಂದಾಗ ಬಾಗಿಲು ಹಾಕಿಕೊಂಡು ಕದ್ದು ಮಾಡುವ ಕೆಲಸ ಅದಲ್ಲ. ಮನೆಗೆ ಗೊತ್ತಾಗಲೇಬೇಕು. ಅವರು ಹೇಳುವುದಿಲ್ಲ ಎಂದಾದರೆ ನಾನೇ ಹೇಳುತ್ತೇನೆ ಎಂದು ನಿರ್ಧರಿಸಿದೆ. ಮನೆ ಕೈತಪ್ಪಿದರೆ ತಪ್ಪಲಿ. ಹೇಗೂ ತಪ್ಪಿಯಾಗಿತ್ತು.

ಭಾನುವಾರ ಯಜಮಾನರು ಮನೆಯಲ್ಲಿರುತ್ತಾರೆ. ಅವತ್ತು ಮೊದಲ ಬಾರಿಗೆ ಮುಂಬಾಗಿಲಿಗೆ ಹೋಗಿ ಬೆಲ್ ಒತ್ತಿದೆ. ಯಜಮಾನರು ಪೇಪರ್ ಹಿಡಿದುಕೊಂಡೇ ಬಾಗಿಲು ತೆಗೆದರು.

“ಟೈಲರ್ ಅಲ್ಲೇನು? ಬರ್ರಿ.”

“ಅಲ್ರೀ ಸಾವ್ಕಾರ್ರೆ. ನಾನು ಟೈಲರ್ ಅಲ್ಲ,” ಎಂದೆ. “ವ್ಯಾಯಾಮ ಕಲಿಸೋಳು. ಅಮ್ಮಾರಿಗೆ ನೆಲದಿಂದ ಏಳಾಕೆ ಕಲಿಸ್ತಿದ್ದೆ. ಇಷ್ಟು ದಿನ ಅದಕ್ಕೇ ಬರ್ತಿದ್ದೆ.”

ಅವರು ನನ್ನನ್ನು ನೋಡಿದರು, ಒಳಗಿನ ಬಾಗಿಲ ಕಡೆ ನೋಡಿದರು. ಬಾಯಲ್ಲಿದ್ದ ಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದರು.

“ಹಂಗಾರೆ ಬ್ಲೌಸು ಯಾರು ಹೊಲಿದಿದ್ದು?”

“ದಾವಣಗೆರೆಯಾಗೆ ಒಬ್ರು ಅದಾರ್ರೀ.”

“ಚಲೋ ಹೊಲೀತಾರೆ,” ಎಂದು ಹೋಗಿ ಕುರ್ಚಿಯಲ್ಲಿ ಕುಳಿತು ಪೇಪರ್ ಬಿಡಿಸಿದರು.

ಅಷ್ಟರಲ್ಲಿ ಅಮ್ಮ ಹೊರಗೆ ಬಂದರು. ಮುಖ ಕೆಂಪಾಗಿತ್ತು. “ಯಾಕ್ ಬಂದೆ ನೀನು? ಬರ್ಬ್ಯಾಡ ಅಂದಿದ್ನಲ್ಲ?”

“ಬೈರಿ, ಬೈಸ್ಕೊಂಡೇ ಹೋಗ್ತೀನಿ. ಆದ್ರೆ ಒಂದು ಕೇಳ್ರಿ. ಅವತ್ತು ನಿಮ್ಮ ಕಾಲು ಸೋತಿಲ್ಲ. ನಾನು ಕಲಿಸಿದ್ದು ಸರಿಯಿಲ್ಲ. ನೈಟಿಯಾಗೆ ಏಳೋದು ಕಲಿಸ್ದೆ. ಮದ್ವೆಗೆ ನೈಟಿ ಹಾಕ್ಕಂತೀರೇನು?”

ಪೇಪರಿನ ಹಿಂದೆ ಯಜಮಾನರು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. “ಅಲ್ಲ, ಕುರ್ಚಿ ಹಾಕಿದ್ರೆ ಏನಾಗ್ತೈತೆ?” ಎಂದರು.

ಅಮ್ಮ ಗಂಡನ ಮೇಲೆ ತಿರುಗಿದರು. “ಏನಾಗ್ತೈತಾ? ಮಗಳು ಹೋಗ್ತಿರೋದು ಆ ಮನೆಗೆ. ತಾಯಿ ಕೂತಲ್ಲಿಂದ ಏಳಲಾರದೋಳು, ನಾಳೆ ಇವ್ಳೂ ಹಂಗೇ ಅಂತ ಮೊದಲ ದಿನನೇ ಅವ್ರ ಬಾಯಿಗೆ ಬೀಳ್ಬೇಕಾ ನನ್ನ ಮಗಳು?” ಆಡುತ್ತಾ ಆಡುತ್ತಾ ಅತ್ತುಬಿಟ್ಟರು. ಮಗಳು ಒಳಗಿನಿಂದ ಬಂದು ತಾಯಿಯ ಭುಜ ಹಿಡಿದಳು. ನನಗೆ ಎಲ್ಲಿ ನಿಲ್ಲಬೇಕೋ ತಿಳಿಯದೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದೆ.

ಕೊನೆಗೆ ಯಜಮಾನರೇ ಪೇಪರ್ ಮಡಚಿದರು. “ನಡುಮನೆಯಾಗೇ ಮಾಡ್ಕಳ್ರಿ. ಫ್ಯಾನೈತೆ,” ಎಂದರು.

ಅಂದಿನಿಂದ ನಡುಮನೆಯಲ್ಲೇ ನಡೆಯಿತು. ಅಮ್ಮ ತಮ್ಮ ಮದುವೆಯ ಹಳೆಯ ಜರಿ ಸೀರೆ ಉಟ್ಟು ಮಣೆಯ ಮೇಲೆ ಕೂರುವರು. ಮಗಳು ಎದುರು ಕುಳಿತು ತಲೆ ಬಾಚಿಸಿಕೊಳ್ಳುವಳು, ಇಲ್ಲವೇ ಇಬ್ಬರೂ ಆಹ್ವಾನ ಪತ್ರಿಕೆಗಳಿಗೆ ಅರಿಶಿನ ಕುಂಕುಮ ಹಚ್ಚುವರು. ನಾನು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದೆ: ಸೀರೆಯೊಳಗೇ ಬೆರಳು ಆಡಿಸುತ್ತಿರಿ, ಯಾರಿಗೂ ಕಾಣುವುದಿಲ್ಲ. ಭಾರವನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹಾಕಿ. ಮಂತ್ರ ಮುಗಿಯುವ ಸೂಚನೆ ಸಿಕ್ಕ ಕೂಡಲೇ ಕಾಲನ್ನು ಒಂದು ಪಕ್ಕಕ್ಕೆ ಬಿಚ್ಚಿಕೊಳ್ಳಿ. ಎಡಗೈಯಲ್ಲಿ ನೆರಿಗೆ ಎತ್ತಿ ಹಿಡಿದ ಮೇಲೆಯೇ ಬಲಪಾದ ಊರಿ. ಮೂಗು ಹೆಬ್ಬೆರಳಿನ ನೇರಕ್ಕೆ ಬಂದ ಮೇಲೆ ಏಳಿ. ಮೊದಮೊದಲು ಒಂದನ್ನು ನೆನೆಯುವಷ್ಟರಲ್ಲಿ ಇನ್ನೊಂದು ಮರೆಯುತ್ತಿತ್ತು. ಒಂದು ದಿನ ಯಜಮಾನರು ಮಂಡಿಯಿಂದ ಊಟಕ್ಕೆ ಬಂದವರು ತಾವೂ ಮಣೆ ಹಾಕಿಕೊಂಡು ಕುಳಿತು ಎದ್ದು ನೋಡಿದರು, ಅವರಿಗೇ ಆಗಲಿಲ್ಲ. ಅಮ್ಮನಿಗೆ ಅಂದು ಬಂದ ಹುರುಪು ನಾನು ಹೇಳಿಕೊಟ್ಟು ಬಂದದ್ದಲ್ಲ.

ಆ ದಿನಗಳು ನನಗೆ ಇಷ್ಟವಾಗಿದ್ದವು. ಅವರು ಮಾತಾಡಿಕೊಳ್ಳುತ್ತಿದ್ದದ್ದು ನನ್ನ ಜೊತೆಯಲ್ಲ, ನಿಜ. ಆದರೆ ಆ ಮಾತಿನ ನಡುವೆ ಕುಳಿತಿದ್ದೆ. ನೆರೆಮನೆಯಾಕೆಗೆ ಮಾತ್ರ ನಾನಿನ್ನೂ ಟೈಲರ್. ಅಮ್ಮ, “ಮದ್ವೆ ತಂಕ ಇರ್ಲಿ ಬಿಡು, ಅವತ್ತು ಎಲ್ಲ ಹೇಳ್ತೀನಿ,” ಎನ್ನುತ್ತಿದ್ದರು. ನಾನು ಬ್ಲೌಸ್ ಹೊರುತ್ತಲೇ ಇದ್ದೆ.

ಮದುವೆಯ ದಿನ ಮಂಟಪದ ಕಂಬದ ಪಕ್ಕ ಅಕ್ಷತೆ ಹಿಡಿದು ನಿಂತೆ. ವರನ ಸೋದರತ್ತೆ ಹೇಳಿದಂತೆಯೇ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಅದಕ್ಕೆ ಕೆಂಪು ಬಟ್ಟೆ ಹೊದಿಸಿ, ಅಮ್ಮನ ಹಿಂದೆಯೇ ಇರಿಸಿದ್ದರು. ಅಮ್ಮ ಅದರ ಕಡೆ ತಿರುಗಿಯೂ ನೋಡದೆ ಮಣೆಯ ಮೇಲೆ ಕುಳಿತರು. ಅಳಿಯನ ಪಾದ ತೊಳೆದದ್ದಾಯಿತು. ಅಯ್ಯನವರ ಮಂತ್ರ ಮುಗಿಯುವ ಹಾಗೆ ಕಾಣಲಿಲ್ಲ, ನಡುವೆ ಹಾಲಿನ ತಂಬಿಗೆ ಸಿಗದೆ ಹುಡುಕಾಟ ಬೇರೆ. ನಾನು ವಧೂವರರನ್ನು ನೋಡಲೇ ಇಲ್ಲ. ಅಮ್ಮನ ಸೀರೆಯ ಅಂಚು ನೋಡುತ್ತಿದ್ದೆ. ಅಂಚು ಸಣ್ಣಗೆ ಅಲುಗಾಡುತ್ತಿತ್ತು. ಬೆರಳು ಆಡಿಸುತ್ತಿದ್ದರು.

ಏಳುವ ಹೊತ್ತು ಬಂತು. ಯಜಮಾನರು ಎದ್ದು ಕೈ ಚಾಚಿದರು. ಅಮ್ಮ ಕಾಲನ್ನು ಪಕ್ಕಕ್ಕೆ ಸರಿಸಿದರು, ಎಡಗೈಗೆ ನೆರಿಗೆ ತೆಗೆದುಕೊಂಡರು, ಪಾದ ಊರಿದರು, ಎದ್ದರು. ಯಜಮಾನರು ಚಾಚಿದ ಕೈಯಿಂದ ತಲೆ ಕೆರೆದುಕೊಂಡರು. ಫೋಟೋದವನು ಆಗ ವರನ ಪೇಟ ಸರಿಮಾಡುತ್ತಿದ್ದ. ಜನ ಮಾತಾಡುತ್ತಿದ್ದರು. ನನಗೆ ಪಕ್ಕದಲ್ಲಿ ಯಾರನ್ನಾದರೂ, ನೋಡಿದಿರಾ, ಎಂದು ಕೇಳಬೇಕು ಅನಿಸಿತು. ಒಂದು ಕಡೆ ಫೋನಿನಲ್ಲಿದ್ದ ಗಂಡಸು, ಇನ್ನೊಂದು ಕಡೆ ಅಳುವ ಮಗುವಿಗೆ ಬಿಸ್ಕತ್ತು ಕೊಡುತ್ತಿದ್ದ ತಾಯಿ. ಮತ್ತೆ ಕಂಬಕ್ಕೆ ಒರಗಿದೆ.

ಮಾಂಗಲ್ಯಧಾರಣೆ ಆದ ಮೇಲೆ ಅಮ್ಮ ತಾಂಬೂಲದ ಚೀಲ ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ಕೊಡುತ್ತಿದ್ದಂತೆ, ಆ ಕೆಂಪು ಬಟ್ಟೆಯ ಕುರ್ಚಿಯಲ್ಲಿ ತಾವೇ ಕುಳಿತಿದ್ದ ಸೋದರತ್ತೆ ಕರೆದರು.

“ಬೀಗಿತ್ತಿ, ಅವತ್ತು ಅಂಗಡ್ಯಾಗೆ ಇಬ್ರು ಎತ್ತಿದ್ರಲ್ರೀ ನಿಮ್ಮನ್ನ. ಇವತ್ತು ನೋಡಿದ್ರೆ ಹುಡುಗಿ ಎದ್ದಂಗೆ ಎದ್ರಿ. ಏನ್ ಮಾಡಿದ್ರಿ?”

ಒಬ್ಬರಾದರೂ ನೋಡಿದ್ದರು. ನಾನು ಅಷ್ಟು ತಿಂಗಳು ಕಾದಿದ್ದ ಪ್ರಶ್ನೆ ಅದೇ, ಅದೇ ಜಾಗದಲ್ಲಿ, ಅದೇ ಜನರ ನಡುವೆ. ಅಮ್ಮ ನನ್ನ ಮುಖ ನೋಡಿದರು. ಆಮೇಲೆ ಬೀಗರ ಕಡೆ ತಿರುಗಿ ನಕ್ಕರು.

“ಅವತ್ತು ಕಾಲು ಜೋಮು ಹಿಡಿದಿತ್ತು ಅಷ್ಟೇ ಕಣ್ರೀ. ನಂಗೇನಾಗೇತೆ.”

“ಇವ್ರು ಯಾರು?”

ಅಮ್ಮ ನನ್ನ ಭುಜದ ಮೇಲೆ ಕೈಯಿಟ್ಟರು. “ನಮ್ಮನೆ ಹುಡುಗಿ,” ಎಂದರು.

ಆ ಕೈ ಬೆಚ್ಚಗಿತ್ತು. ನನ್ನನ್ನು ಹಾಗೆ ಯಾರಾದರೂ ಕರೆದು ವರ್ಷಗಳಾಗಿದ್ದವು. ಅದೇ ಗಳಿಗೆಯಲ್ಲಿ ಸಿಟ್ಟೂ ಬಂತು. ಬೀಗರ ಮುಂದೆ ಅವರು ಬೇರೆ ಏನು ಹೇಳಲು ಸಾಧ್ಯವಿತ್ತು? ನನ್ನನ್ನು ಹೇಳಿದರೆ ಮೊಣಕಾಲನ್ನೂ ಹೇಳಬೇಕು. ಅದನ್ನು ಮುಚ್ಚಲೆಂದೇ ಅಲ್ಲವೇ ಅವರು ಕಲಿತದ್ದು, ನಾನು ಕಲಿಸಿದ್ದು. ಇಷ್ಟು ಸರಳ ಲೆಕ್ಕ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಯಾರೋ ಕರೆದರು, ಅಮ್ಮ ಹೋದರು.

“ಮದ್ವೆ ಆಗೇತೇನವ್ವ?” ಎಂದರು ಸೋದರತ್ತೆ.

“ಇಲ್ರೀ. ಮನೆಮನೆಗೆ ಹೋಗಿ ವ್ಯಾಯಾಮ ಕಲಿಸ್ತೀನಿ. ಮೊಣಕಾಲು, ಸೊಂಟ ನೋವಿರೋರಿಗೆ ಕೂರೋದು, ಏಳೋದು ಕಲಿಸ್ತೀನಿ.” ಕೇಳಿದ್ದಕ್ಕೆ ಅದು ಉತ್ತರವಲ್ಲ. ಆದರೂ ಹೇಳಿದೆ.

“ಅಯ್ಯೋ ಪಾಪ,” ಎಂದರು. “ಮನೇಲಿ ಯಾರೂ ಇಲ್ವಾ?”

ಊಟಕ್ಕೆ ಕರೆಯುತ್ತಿದ್ದರು. ಆಕೆ ಕುರ್ಚಿಯ ಎರಡೂ ಕೈ ಹಿಡಿದು ಏಳಲು ನೋಡಿದರು. ಅರ್ಧ ಎದ್ದು ಹಿಂದಕ್ಕೆ ಕುಸಿದರು. ಮತ್ತೆ ನೋಡಿದರು, ಕುರ್ಚಿಯ ಕಾಲು ಅಗಲವಾಯಿತು. ನಾನು ಎತ್ತಲು ಹೋಗಲಿಲ್ಲ.

“ಪಾದ ಹಿಂದಕ್ಕೆ ತಗೊಳ್ರಿ. ಇನ್ನೂ ಹಿಂದಕ್ಕೆ, ಕುರ್ಚಿ ಕೆಳಗೆ. ಈಗ ಮೂಗು ಮುಂದಕ್ಕೆ ತರ್ರಿ. ಹಾಂ, ಏಳ್ರಿ.”

ಎದ್ದರು. ಎದ್ದು ನಿಂತು ಕುರ್ಚಿಯನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ನ್ಯಾಮತಿಯಾಗೆ ನಮ್ಮನೆ ಬಸ್ ಸ್ಟ್ಯಾಂಡಿಗೆ ಹತ್ರನೇ ಐತೆ. ವಾರಕ್ಕೆ ಎರಡು ದಿನ ಬರ್ತೀಯೇನು? ಯಾರಾರ ಕೇಳಿದ್ರೆ ಚನ್ನಗಿರಿ ಬೀಗರ ಮನೆ ಹುಡುಗಿ ಅಂತ ಹೇಳಿದ್ರಾಯ್ತು.”

ಐದನೆಯ ಮನೆ. ನನಗೆ ಅದು ಬೇಕಿತ್ತು, ಎಷ್ಟು ಬೇಕಿತ್ತೆಂದು ನನಗೇ ಗೊತ್ತು.

“ವ್ಯಾಯಾಮ ಕಲಿಸೋಳು ಅಂತ ಹೇಳ್ರಿ. ಹಂಗಾದ್ರೆ ಬರ್ತೀನಿ,” ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ಊಟದ ಮನೆಯ ಕಡೆ ನಡೆದರು. ನನ್ನ ನಂಬರ್ ಕೇಳಲಿಲ್ಲ. ನಾನೂ ಹಿಂದೆ ಹೋಗಿ ಕೊಡಲಿಲ್ಲ. ಒಳಗೆ ಪಂಕ್ತಿಯಲ್ಲಿ ಎಲ್ಲರೂ ತಮ್ಮ ತಮ್ಮವರ ಜೊತೆ ಕುಳಿತಿದ್ದರು. ಕೊನೆಯಲ್ಲಿ ಒಂದು ಎಲೆ ಖಾಲಿಯಿತ್ತು, ಅಲ್ಲಿ ಕುಳಿತೆ.